ಲೇತ್ ಮೆಷಿನ್ ಮುಂದೆ ಗ್ಲೌಸ್ ಹಾಕಿಕೊಂಡರೆ ಕೈ ಸುರಕ್ಷಿತವೇ? ಹಲವರು ಬಳಸುವ ವರ್ಕ್‌ಶಾಪ್‌ನಲ್ಲಿ ತಿಳಿದಿರಬೇಕಾದ ಸಂಗತಿಗಳು

ಚುಟುಕಾಗಿ

"ಕೈಗೆ ಗ್ಲೌಸ್ ಹಾಕಿಕೊಂಡರೆ ಯಾವ ಮೆಷಿನ್ ಮುಂದೆ ನಿಂತರೂ ಭಯವಿಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಲೇತ್ ಮೆಷಿನ್ ವಿಚಾರದಲ್ಲಿ ಇದು ತಪ್ಪು. ತಿರುಗುತ್ತಿರುವ ಲೇತ್ ಹತ್ತಿರ ಗ್ಲೌಸ್ ಹಾಕಬಾರದು. ಉಂಗುರ, ಬಳೆ, ಕೈದಾರ, ದುಪಟ್ಟಾ, ಸಡಿಲವಾದ ತೋಳು, ಬಿಚ್ಚಿದ ಕೂದಲು ಇವು ಕೂಡ ಅಷ್ಟೇ ಅಪಾಯಕಾರಿ. ಮೆಷಿನ್ ನಿಲ್ಲಿಸಿ ಲೋಹದ ಚೂರು ತೆಗೆಯುವಾಗ, ಭಾರ ಎತ್ತುವಾಗ ಗ್ಲೌಸ್ ಬೇಕು. ಕಣ್ಣಿಗೆ ಕನ್ನಡಕವಂತೂ ಯಾವಾಗಲೂ ಬೇಕು.

ಲೇತ್ ಎಂದರೇನು?

ಕುಂಬಾರನ ತಿಗರಿ ನೋಡಿದ್ದೀರಿ. ಅದರ ಮೇಲೆ ಮಣ್ಣು ತಿರುಗುತ್ತದೆ, ಕೈ ಒಂದೆಡೆ ನಿಂತು ಆಕಾರ ಕೊಡುತ್ತದೆ. ಲೇತ್ ಕೂಡ ಹೆಚ್ಚುಕಡಿಮೆ ಅದೇ ತತ್ವದ ಮೇಲೆ ನಡೆಯುತ್ತದೆ, ತಿಗರಿಯನ್ನು ಅಡ್ಡ ಮಲಗಿಸಿದ ಹಾಗೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳೂ ಲೇತ್ ಮೇಲೆಯೇ ತಯಾರಾಗುತ್ತವೆ. ಅಲ್ಲಿ ಮರ ತಿರುಗುತ್ತದೆ, ಕುಶಲಕರ್ಮಿ ಉಳಿಯನ್ನು ಕೈಯಲ್ಲೇ ಹಿಡಿದಿರುತ್ತಾರೆ. ಲೋಹದ ಲೇತ್‌ನಲ್ಲಿ ಕಬ್ಬಿಣ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ರಾಡ್ ತಿರುಗುತ್ತದೆ. ಅದನ್ನು ಕತ್ತರಿಸುವ ಟೂಲ್ ಕೈಯಲ್ಲಿರುವುದಿಲ್ಲ, ಟೂಲ್ ಪೋಸ್ಟ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ತಿರುಗುವ ತುಂಡನ್ನು ವರ್ಕ್‌ಶಾಪ್ ಭಾಷೆಯಲ್ಲಿ ಜಾಬ್ ಎನ್ನುತ್ತಾರೆ. ಅದನ್ನು ಕಚ್ಚಿ ಹಿಡಿಯುವ ಭಾಗ ಚಕ್.

ಐಟಿಐ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್, ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು, ಇತ್ತೀಚೆಗೆ ನಗರಗಳಲ್ಲಿ ಬಂದಿರುವ ಮೇಕರ್‌ಸ್ಪೇಸ್‌ಗಳು, ಎಲ್ಲೆಡೆ ಒಂದೇ ಲೇತನ್ನು ಹಲವರು ಬಳಸುತ್ತಾರೆ. ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ ತಯಾರಿಸಿದ ಹಳೆಯ ಲೇತ್‌ಗಳು ಈಗಲೂ ಹಲವು ಕಡೆ ದುಡಿಯುತ್ತಿವೆ. ಹಳೆಯ ಮೆಷಿನ್‌ಗಳು ಗಟ್ಟಿಮುಟ್ಟು ನಿಜ. ಆದರೆ ಚಕ್ ಮೇಲಿನ ಗಾರ್ಡ್, ತಕ್ಷಣ ನಿಲ್ಲಿಸುವ ಕೆಂಪು ಗುಂಡಿ ಎಲ್ಲ ಹಳೆಯ ಮೆಷಿನ್‌ಗಳಲ್ಲೂ ಇರುವುದಿಲ್ಲ.

ಗ್ಲೌಸ್ ಏಕೆ ಬೇಡ?

ಗ್ಲೌಸ್ ಕೈಯನ್ನು ಗೀರು, ಬಿಸಿ, ಚೂಪು ಅಂಚುಗಳಿಂದ ಕಾಪಾಡುತ್ತದೆ. ಲೇತ್‌ನ ದೊಡ್ಡ ಅಪಾಯ ಗೀರು ಬೀಳುವುದಲ್ಲ, ಸಿಕ್ಕಿಹಾಕಿಕೊಳ್ಳುವುದು. ತಿರುಗುವ ಚಕ್‌ಗೋ ಜಾಬ್‌ನ ಒರಟು ಅಂಚಿಗೋ ಗ್ಲೌಸಿನ ಒಂದು ಎಳೆ ತಗುಲಿದರೂ ಅದು ಸುತ್ತಿಕೊಳ್ಳಲು ಶುರುವಾಗುತ್ತದೆ. ಗ್ಲೌಸ್ ಒಳಗಿರುವ ಬೆರಳೂ ಜೊತೆಗೆ ಹೋಗುತ್ತದೆ. ಬೆರಳಿನ ಹಿಂದೆ ಕೈ, ಕೈಯ ಹಿಂದೆ ತೋಳು.

"ತಕ್ಷಣ ಕೈ ಎಳೆದುಕೊಂಡರಾಯಿತು" ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಲೇತ್ ನಿಮಿಷಕ್ಕೆ 500 ಸುತ್ತು ತಿರುಗುತ್ತಿದೆ, ಜಾಬ್‌ನ ವ್ಯಾಸ 50 ಮಿಲಿಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 157 ಮಿ.ಮೀ. ಬಟ್ಟೆ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಎಂಟು ಸುತ್ತಿಗೂ ಹೆಚ್ಚು, ಅಂದರೆ ಸೆಕೆಂಡಿಗೆ 1.3 ಮೀಟರ್. ಏನೋ ಆಯಿತು ಎಂದು ಕಣ್ಣು ಕಂಡು, ಕೈ ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ 30 ಸೆಂಟಿಮೀಟರಿಗೂ ಹೆಚ್ಚು ಬಟ್ಟೆ ಅಥವಾ ಕೂದಲು ಒಳಗೆ ಹೋಗಿರುತ್ತದೆ. ಅದು ಬೆರಳ ತುದಿಯಿಂದ ಮೊಣಕೈ ಕಡೆಗೆ ಬಹುಪಾಲು ದೂರ.

ತೆಳುವಾದ ಗ್ಲೌಸ್ ಹರಿದುಹೋಗುತ್ತದಲ್ಲ ಎಂಬ ವಾದವೂ ಇದೆ. ಪ್ರತಿ ಸಲವೂ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಹರಿಯುತ್ತದೆ ಎಂದು ನಂಬಿ ಬೆರಳು ಪಣಕ್ಕಿಡಲಾಗದು. ಬರಿಗೈ ಸುರಕ್ಷಿತ ಎಂದೂ ಇದರ ಅರ್ಥವಲ್ಲ. ತಿರುಗುವ ಭಾಗದ ಹತ್ತಿರ ಕೈಯೇ ಹೋಗಬಾರದು ಎಂಬುದು ಮುಖ್ಯ ಮಾತು.

ನಿಧಾನವಾಗಿ ತಿರುಗಿದರೆ ಅಪಾಯವಿಲ್ಲವೇ?

ಇದೂ ತಪ್ಪು ಕಲ್ಪನೆ. ಗೇರ್ ಇರುವ ಲೇತ್‌ನಲ್ಲಿ ವೇಗ ಕಡಿಮೆಯಾದಷ್ಟೂ ತಿರುಗಿಸುವ ಬಲ ಹೆಚ್ಚುತ್ತದೆ. 1 ಎಚ್‌ಪಿ ಮೋಟಾರ್ ಇರುವ ಲೇತ್ ನಿಮಿಷಕ್ಕೆ 100 ಸುತ್ತಿನಲ್ಲಿ ತಿರುಗುತ್ತಿದ್ದರೆ, 50 ಮಿ.ಮೀ. ಜಾಬ್‌ನ ಮೇಲ್ಮೈಯಲ್ಲಿ ಅದು ಎಳೆಯುವ ಬಲ, ಗೇರ್‌ಗಳಲ್ಲಿನ ನಷ್ಟ ಕಳೆದರೂ, ಸುಮಾರು 250 ಕೆ.ಜಿ. ತೂಕ ನೇತುಹಾಕಿದಷ್ಟಿರುತ್ತದೆ. ಇದರೊಂದಿಗೆ ಹಗ್ಗಜಗ್ಗಾಟ ಆಡಿ ಗೆಲ್ಲುವ ಮನುಷ್ಯರಿಲ್ಲ.

ಸ್ವಿಚ್ ಆಫ್ ಮಾಡಿದ ಮೇಲೂ ಭಾರವಾದ ಚಕ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಅದನ್ನು ಅಂಗೈಯಿಂದ ಒತ್ತಿ ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಚಕ್‌ನ ಹಿಡಿಕೆಗಳು ಹೊರಗೆ ಚಾಚಿಕೊಂಡಿದ್ದರೆ ಅದೇ ಕೊನೆಯ ಸಲ ಆಗಬಹುದು. ತಾನಾಗಿ ನಿಲ್ಲುವವರೆಗೆ ಕಾಯಿರಿ.

ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು

2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಕಟ್ಟಡದಲ್ಲಿರುವ ವರ್ಕ್‌ಶಾಪ್‌ನಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ರಾತ್ರಿ ಹೊತ್ತು ಒಬ್ಬರೇ ಲೇತ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅವರ ಕೂದಲು ತಿರುಗುವ ಭಾಗಕ್ಕೆ ಸಿಕ್ಕಿತು. ಕುತ್ತಿಗೆ ಒತ್ತಿ ಉಸಿರುಗಟ್ಟಿ ಅವರು ತೀರಿಕೊಂಡರು. ಮೆಷಿನ್ ನಿಲ್ಲಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಈ ಘಟನೆಯ ನಂತರ ವಿಶ್ವವಿದ್ಯಾಲಯ ವರ್ಕ್‌ಶಾಪ್‌ಗಳ ಸಮಯವನ್ನು ಮಿತಿಗೊಳಿಸಿತು ಮತ್ತು ವಿದ್ಯಾರ್ಥಿಗಳು ಕೆಲಸ ಮಾಡುವಾಗ ಮೇಲ್ವಿಚಾರಕರು ಇರಬೇಕೆಂದು ನಿಯಮ ಮಾಡಿತು.

ಹಲವರು ಬಳಸುವ ವರ್ಕ್‌ಶಾಪ್‌ಗೆ ಇದರಿಂದ ಸಿಗುವ ಪಾಠ ಸರಳ. ಎಷ್ಟೇ ಬುದ್ಧಿವಂತರಾದರೂ, ಎಷ್ಟೇ ಅನುಭವವಿದ್ದರೂ ಲೇತ್ ಮುಂದೆ ಒಬ್ಬರೇ ಇರಬಾರದು. ಕೆಂಪು ಗುಂಡಿ ಎಲ್ಲಿದೆ ಎಂದು ತಿಳಿದ ಇನ್ನೊಬ್ಬರು ಕೂಗಳತೆಯಲ್ಲಿರಬೇಕು. ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿಯ ನಿದ್ದೆಗೆಟ್ಟ ಕೆಲಸಕ್ಕೆ ಲೇತ್ ತಕ್ಕ ಮೆಷಿನ್ ಅಲ್ಲ.

ಮೆಷಿನ್ ಮುಟ್ಟುವ ಮೊದಲು ಏನು ತೆಗೆದಿಡಬೇಕು?

• ಗ್ಲೌಸ್, ಉಂಗುರ, ವಾಚ್, ಬಳೆ, ಕೈದಾರ, ಕಂಕಣ
• ದುಪಟ್ಟಾ, ಶಾಲು, ಟೈ, ಕುತ್ತಿಗೆಯಲ್ಲಿ ನೇತಾಡುವ ಐಡಿ ಕಾರ್ಡ್, ಇಯರ್‌ಫೋನ್ ವೈರ್
• ಸರ ಅಥವಾ ಮಾಂಗಲ್ಯ ತೆಗೆಯಲು ಇಷ್ಟವಿಲ್ಲದಿದ್ದರೆ, ಅದು ಗುಂಡಿ ಹಾಕಿದ ಅಂಗಿಯ ಒಳಗಿರಲಿ
• ತುಂಬು ತೋಳನ್ನು ಮೊಣಕೈ ಮೇಲಕ್ಕೆ ಬಿಗಿಯಾಗಿ ಮಡಚಿ, ಉದ್ದ ಕೂದಲನ್ನು ಗಂಟುಕಟ್ಟಿ ಟೋಪಿಯೊಳಗೆ ಸೇರಿಸಿ. ಜಡೆ ಹಾಕಿ ಬೆನ್ನ ಮೇಲೆ ಬಿಟ್ಟರೆ ಸಾಲದು, ಬಗ್ಗಿದಾಗ ಅದು ಮುಂದಕ್ಕೆ ಜಾರುತ್ತದೆ
• ಚಪ್ಪಲಿ ಬದಲು ಮುಚ್ಚಿದ ಶೂ

ಇಲ್ಲಿ ಹಾಕಿಕೊಳ್ಳಲೇಬೇಕಾದದ್ದು ಪಕ್ಕವೂ ಮುಚ್ಚುವ ಸುರಕ್ಷತಾ ಕನ್ನಡಕ. ದೃಷ್ಟಿದೋಷಕ್ಕೆ ಹಾಕುವ ಮಾಮೂಲಿ ಕನ್ನಡಕ ಇದಕ್ಕೆ ಸಾಲದು.

ಆಯುಧ ಪೂಜೆಯ ದಿನ ಮೆಷಿನ್‌ಗೆ ಹೂಮಾಲೆ ಹಾಕುವುದು ನಮ್ಮಲ್ಲಿ ವಾಡಿಕೆ. ಪೂಜೆ ಮುಗಿದು ಕೆಲಸ ಶುರುಮಾಡುವ ಮೊದಲು ಚಕ್, ಲಿವರ್, ಹ್ಯಾಂಡಲ್‌ಗಳಲ್ಲಿ ಹೂವಿನ ದಾರ ಉಳಿದಿಲ್ಲವೇ ಎಂದು ನೋಡಿ ತೆಗೆಯಿರಿ. ದಾರ ಕೂಡ ಸುತ್ತಿಕೊಳ್ಳುತ್ತದೆ.

ಚಕ್ ಕೀ: ಅತಿ ಚಿಕ್ಕದು, ಅತಿ ಅಪಾಯಕಾರಿ

ಚಕ್ ಬಿಗಿ ಮಾಡುವ ಟಿ ಆಕಾರದ ಕೀಲಿಯೇ ಚಕ್ ಕೀ. ಬಿಗಿ ಮಾಡಿ, ಅಲ್ಲೇ ಮರೆತು ಸ್ವಿಚ್ ಒತ್ತಿದರೆ ಅದು ಕಲ್ಲೆಸೆದಂತೆ ಹಾರಿಬರುತ್ತದೆ. ನಿಮ್ಮ ಮುಖಕ್ಕೋ ಪಕ್ಕದವರ ತಲೆಗೋ ಬೀಳಬಹುದು. ಪಾಲಿಸಬೇಕಾದ ನಿಯಮ ಒಂದೇ: ಕೀ ಚಕ್‌ನಲ್ಲಿರುವಷ್ಟು ಹೊತ್ತು ಕೈ ಕೀ ಮೇಲೆಯೇ ಇರಬೇಕು. ಕೈ ಬಿಡುವ ಮೊದಲು ಕೀ ಹೊರಗೆ ಬರಬೇಕು. ಸ್ಪ್ರಿಂಗ್ ಇರುವ, ಕೈ ಬಿಟ್ಟರೆ ತಾನೇ ಹೊರಬೀಳುವ ಚಕ್ ಕೀಗಳೂ ಸಿಗುತ್ತವೆ. ಹಲವರು ಬಳಸುವ ಕಡೆ ಇವನ್ನು ಇಡುವುದು ಒಳ್ಳೆಯದು.

ಯಾವ ಕೆಲಸಕ್ಕೆ ಯಾವ ಪರಿಕರ?

ಜಾಬ್ ಸರಿಯಾಗಿ ಹಿಡಿಯದಿದ್ದರೆ ಅದೂ ಹಾರಿಬರುತ್ತದೆ. ಆದ್ದರಿಂದ ಪರಿಕರದ ಆಯ್ಕೆಯೂ ಸುರಕ್ಷತೆಯ ಭಾಗವೇ.

• ತ್ರೀ-ಜಾ ಚಕ್: ಮೂರು ಹಿಡಿಕೆಗಳು ಒಟ್ಟಿಗೆ ಚಲಿಸುತ್ತವೆ. ದುಂಡು ಮತ್ತು ಆರು ಮೂಲೆಯ ರಾಡ್‌ಗೆ.
• ಫೋರ್-ಜಾ ಚಕ್: ನಾಲ್ಕು ಹಿಡಿಕೆಗಳು ಬೇರೆಬೇರೆಯಾಗಿ ಚಲಿಸುತ್ತವೆ. ಚೌಕಾಕಾರದ, ಅಡ್ಡಾದಿಡ್ಡಿ ಆಕಾರದ ಜಾಬ್‌ಗೆ. ನಡುಬಿಂದು ಹೊಂದಿಸಲು ತಾಳ್ಮೆ ಬೇಕು.
• ಫೇಸ್‌ಪ್ಲೇಟ್: ಚಕ್‌ಗೆ ಹಿಡಿಯದ ಜಾಬನ್ನು ಬೋಲ್ಟ್ ಹಾಕಿ ಕೂರಿಸಲು. ಒಂದು ಬದಿ ಭಾರವಾದರೆ ಎದುರು ಬದಿಗೆ ತೂಕ ಕಟ್ಟಿ ಸಮತೂಕ ಮಾಡಬೇಕು.
• ಟೇಲ್‌ಸ್ಟಾಕ್ ಸೆಂಟರ್: ಉದ್ದ ಜಾಬ್‌ನ ಇನ್ನೊಂದು ತುದಿಗೆ ಆಸರೆ. ಚಕ್‌ನಿಂದ ಹೊರಚಾಚಿದ ಉದ್ದ, ವ್ಯಾಸದ ಮೂರು ನಾಲ್ಕು ಪಟ್ಟು ದಾಟಿದರೆ ಆಸರೆ ಬೇಕು ಎಂಬುದು ಸಾಮಾನ್ಯ ಲೆಕ್ಕ.
• ಸ್ಟೆಡಿ ರೆಸ್ಟ್, ಫಾಲೋ ರೆಸ್ಟ್: ಉದ್ದವಾಗಿ ತೆಳ್ಳಗಿರುವ ಜಾಬ್ ಬಾಗದಂತೆ ನಡುವೆ ಹಿಡಿಯಲು.

ಚಕ್ ಬದಲಿಸುವಾಗ ಕೆಳಗೆ ಬೆಡ್ ಮೇಲೆ ಒಂದು ಮರದ ಹಲಗೆ ಇಡಿ. 200 ಮಿ.ಮೀ. ಚಕ್ ಒಂದರ ತೂಕ 15 ಕೆ.ಜಿ. ಆಸುಪಾಸು ಇರುತ್ತದೆ. ಜಾರಿದರೆ ಬೆರಳೂ ಜಜ್ಜುತ್ತದೆ, ಬೆಡ್ ಕೂಡ ಹಾಳಾಗುತ್ತದೆ. ಮರೆ ಸುತ್ತಿ ಕೂರಿಸುವ ಹಳೆಯ ಮಾದರಿಯ ಚಕ್ ಆಗಿದ್ದರೆ ಮೆಷಿನನ್ನು ಹಿಮ್ಮುಖವಾಗಿ ಓಡಿಸಬೇಡಿ, ಚಕ್ ಬಿಚ್ಚಿಕೊಂಡು ಬರಬಹುದು.

ಉದ್ದ ರಾಡ್ ಹೆಡ್‌ಸ್ಟಾಕ್‌ನ ಹಿಂಬದಿಯಿಂದ ಹೊರಚಾಚಿದರೆ ಅದು ವೇಗದಲ್ಲಿ ಬಾಗಿ ಚಾಟಿಯಂತೆ ಬೀಸುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್‌ನಲ್ಲೇ ಹೀಗೆ ಚಾಚಿದ ರಾಡ್‌ಗೆ ತಡೆಬೇಲಿ ಇರಬೇಕೆಂದು ಲೇತ್ ಹೆಸರು ಹಿಡಿದು ಹೇಳಲಾಗಿತ್ತು.

ವೇಗ ಹೆಚ್ಚಿಸಿದರೆ ಫಿನಿಶಿಂಗ್ ಚೆನ್ನಾಗಿ ಬರುತ್ತದೆಯೇ?

ಯಾವಾಗಲೂ ಅಲ್ಲ. ವೇಗ ನಿರ್ಧಾರವಾಗುವುದು ಲೋಹ, ಟೂಲ್ ಮತ್ತು ಜಾಬ್‌ನ ವ್ಯಾಸದಿಂದ. ಎಚ್‌ಎಸ್‌ಎಸ್ ಟೂಲ್‌ನಲ್ಲಿ ಮೈಲ್ಡ್ ಸ್ಟೀಲ್ ಕತ್ತರಿಸಲು ನಿಮಿಷಕ್ಕೆ ಸುಮಾರು 30 ಮೀಟರ್ ವೇಗ ಸಾಕು ಎಂದುಕೊಂಡರೆ, 50 ಮಿ.ಮೀ. ರಾಡ್‌ಗೆ ನಿಮಿಷಕ್ಕೆ ಸುಮಾರು 190 ಸುತ್ತು, 25 ಮಿ.ಮೀ.ಗೆ 380, 10 ಮಿ.ಮೀ.ಗೆ 950 ಸುತ್ತು ಬೇಕಾಗುತ್ತದೆ. ದಪ್ಪ ಜಾಬ್‌ಗೆ ನಿಧಾನ, ಸಣ್ಣದಕ್ಕೆ ವೇಗ. ನಿಮ್ಮ ಹಿಂದಿನವರು ಸಣ್ಣ ರಾಡ್‌ಗೆ ಇಟ್ಟ ವೇಗದಲ್ಲೇ ನೀವು ದಪ್ಪ ಜಾಬ್ ಓಡಿಸಿದರೆ ಟೂಲ್ ಸುಟ್ಟುಹೋಗುತ್ತದೆ, ಜಾಬ್ ಕಿತ್ತುಬರುವ ಅಪಾಯವೂ ಇದೆ.

ಹಿಂದಿನವರು ಬಿಟ್ಟುಹೋದ ಮೆಷಿನ್

ಹಂಚಿಕೊಂಡು ಬಳಸುವ ಲೇತ್‌ನ ವಿಶೇಷ ಸಮಸ್ಯೆಯೇ ಇದು. ಪ್ರತಿ ಸಲ ಸ್ವಿಚ್ ಒತ್ತುವ ಮೊದಲು ಒಂದು ನಿಮಿಷ ಕೊಡಿ:

1. ಚಕ್ ಕೀ ಹೊರಗಿದೆಯೇ?
2. ಆಟೋ ಫೀಡ್ ಮತ್ತು ಥ್ರೆಡ್ ಲಿವರ್‌ಗಳು ಬಿಟ್ಟ ಸ್ಥಿತಿಯಲ್ಲಿವೆಯೇ? ಇಲ್ಲದಿದ್ದರೆ ಸ್ವಿಚ್ ಒತ್ತಿದೊಡನೆ ಟೂಲ್ ತಾನೇ ಚಕ್ ಕಡೆಗೆ ಓಡುತ್ತದೆ.
3. ವೇಗದ ಲಿವರ್ ಎಲ್ಲಿದೆ?
4. ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಎಲ್ಲಿಯೂ ಟೂಲ್‌ಗೆ ತಗಲುವುದಿಲ್ಲ ತಾನೇ?
5. ಗಾರ್ಡ್ ಮುಚ್ಚಿದೆಯೇ, ಕೆಂಪು ಗುಂಡಿ ಕೆಲಸ ಮಾಡುತ್ತದೆಯೇ?

ಮುಗಿದ ಮೇಲೆ ಚೂರು ಗುಡಿಸಿ, ಕೀ ತನ್ನ ಜಾಗದಲ್ಲಿಟ್ಟು, ಏನಾದರೂ ಕೆಟ್ಟಿದ್ದರೆ ದೊಡ್ಡ ಅಕ್ಷರದಲ್ಲಿ ಬರೆದು ಮೆಷಿನ್‌ಗೆ ತೂಗುಹಾಕಿ.

ಲೋಹದ ಸುರುಳಿ ಮತ್ತು ಎಮರಿ ಪೇಪರ್

ಕತ್ತರಿಸುವಾಗ ಬರುವ ಹೊಳೆಯುವ ಸುರುಳಿ ಚಂದ ಕಾಣುತ್ತದೆ, ಬ್ಲೇಡಿನಷ್ಟು ಚೂಪು, ಸುಡುವಷ್ಟು ಬಿಸಿ. ಮೆಷಿನ್ ನಿಲ್ಲಿಸಿ ಬ್ರಷ್ ಅಥವಾ ಕೊಕ್ಕೆಯಿಂದ ತೆಗೆಯಿರಿ. ಗಾಳಿ ಊದುವ ಪೈಪ್ ಬಳಸಿದರೆ ಚೂರು ಯಾರ ಕಣ್ಣಿಗೆ ಹೋಗುತ್ತದೋ ಹೇಳಲಾಗದು. ತಿರುಗುವ ಜಾಬ್‌ಗೆ ಎಮರಿ ಪೇಪರನ್ನು ಬೆರಳಿಗೆ ಸುತ್ತಿಕೊಂಡು ಉಜ್ಜುವುದು ಗ್ಲೌಸಿನಷ್ಟೇ ಅಪಾಯ. ಪಟ್ಟಿಯನ್ನು ಮರದ ತುಂಡಿಗೆ ಅಂಟಿಸಿ ಬಳಸಬಹುದು.

ಅವಘಡ ನಡೆದರೆ?

ಮೊದಲು ಕೆಂಪು ಗುಂಡಿ ಅಥವಾ ಮೇನ್ ಸ್ವಿಚ್ ಆಫ್ ಮಾಡಿ. ಸಿಕ್ಕಿಕೊಂಡವರನ್ನು ಎಳೆಯಬೇಡಿ, ಬಿಡಿಸಲೆಂದು ಮೆಷಿನನ್ನು ಹಿಮ್ಮುಖ ಓಡಿಸಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ನೇರವಾಗಿ ಐಸ್‌ನಲ್ಲಿ ಹಾಕಬಾರದು.

ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ಚುಚ್ಚಿಕೊಂಡಿದ್ದರೆ ಕೀಳಲು ಹೋಗಬೇಡಿ, ಕಣ್ಣಿನ ವೈದ್ಯರ ಬಳಿ ಹೋಗಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಕಣ್ಣಿಗೆ ಲೋಹದ ಚೂರು ಬಿದ್ದಿದ್ದನ್ನು ಮರೆಯದೆ ಹೇಳಿ. ಒಳಗೆ ಕಬ್ಬಿಣದ ಕಣ ಉಳಿದಿದ್ದರೆ ಅದರ ಬಲವಾದ ಅಯಸ್ಕಾಂತ ಅದನ್ನು ಸರಿಸಿ ದೃಷ್ಟಿಗೆ ಹಾನಿ ಮಾಡಬಲ್ಲದು.

ಕೊನೆಯ ಮಾತು

ಲೇತ್ ಅವಘಡಗಳ ಭೀಕರ ವಿಡಿಯೋಗಳು ಫೋನಿಂದ ಫೋನಿಗೆ ಹೋಗುತ್ತಿರುತ್ತವೆ. ನೋಡಿದವರಿಗೆ ಭಯವಾಗುತ್ತದೆ, ಆದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಮೃತರ ಮನೆಯವರಿಗೆ ಅದು ಇನ್ನಷ್ಟು ನೋವು. ವಿಡಿಯೋ ಬದಲು ಈ ನಾಲ್ಕು ಸಾಲು ಕಳುಹಿಸಿ: ತಿರುಗುವ ಲೇತ್ ಮುಂದೆ ಗ್ಲೌಸ್ ಬೇಡ. ಸಡಿಲವಾದದ್ದೇನೂ ಮೈಮೇಲೆ ಬೇಡ. ಚಕ್ ಕೀಯಿಂದ ಕೈ ಬಿಡುವ ಮೊದಲು ಕೀ ಹೊರಗೆ. ಒಬ್ಬರೇ ಕೆಲಸ ಮಾಡಬೇಡಿ. ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಐಟಿಐಗೆ ಹೋಗುವ ಹುಡುಗ ಹುಡುಗಿ ಇದ್ದರೆ, ಮೊದಲು ಅವರಿಗೆ ಕಳುಹಿಸಿ.