ಅಜ್ಜನ ಚೀಸ್ ಡಬ್ಬಿ

ಮೊನ್ನೆ ಭಾನುವಾರ ನಮ್ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮ್ಯಾಕರೋನಿ-ಚೀಸ್ ಬೇಕ್. ಕಕ್ಕಡ ತಿಂಗಳಲ್ಲಿ ಕೊಡಗಿನ ಮಳೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದ್ರೂ ನಂಬಲ್ಲ :) ಬೆಂಗಳೂರಿಂದ ರಜೆಗೆ ಬಂದಿದ್ದ ಮಗಳು "ಅಪ್ಪಾ, ಅಕ್ಕಿ ರೊಟ್ಟಿ ತಿಂದು ತಿಂದು ಸಾಕಾಯ್ತು, ಬಿಸಿಬಿಸಿ ಚೀಸ್ ಏನಾದ್ರೂ ಮಾಡು" ಅಂದ್ಳು. ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದ ಕರೆಂಟ್ ಓವನ್ ಕೆಳಗಿಳಿಯಿತು. ಚೀಸ್ ಪೊಟ್ಟಣ ಬಿಚ್ಚಿದ ಸದ್ದಿಗೇ ನಮ್ಮ ನಾಯಿ ಕಾಳಿ ಅಡುಗೆಮನೆ ಹೊಸ್ತಿಲಿಗೆ ಬಂದು ಕೂತಳು. ಬೆಕ್ಕು ಫ್ರಿಜ್ ಮೇಲಿಂದ ಬಗ್ಗಿ ನೋಡ್ತಾ ಇತ್ತು.

ಅಮ್ಮ ಮಾತ್ರ ಎಂದಿನ ಹಾಗೆ, "ಅದು ನಾಯಿಗೆ ಹಾಕುವಂಥದ್ದು. ನಂಗೆ ಗಂಜಿ ಸಾಕು" ಅಂದ್ರು.

ಈ ಮಾತು ನಾನು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೇನೆ. ಅಮ್ಮನಿಗೆ ಎಪ್ಪತ್ತೈದು ದಾಟಿದೆ, ಇವತ್ತಿನವರೆಗೆ ಚೀಸ್ ಬಾಯಿಗೆ ಹಾಕಿಲ್ಲ. ವಾಸನೆ ಹಿಡಿಸಲ್ಲವೇನೋ ಅಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು ಅಂತ ಗೊತ್ತಾಗಿದ್ದು ಮೊನ್ನೆ. ಅದನ್ನ ಹೇಳೋ ಮುಂಚೆ ಈ ಚೀಸ್ ಅನ್ನೋದು ನಮ್ಮ ಬೆಟ್ಟಗಳಿಗೆ ಹೇಗೆ ಬಂತು ಅಂತ ಸ್ವಲ್ಪ ಹೇಳ್ತೀನಿ, ಬೇಜಾರಿಲ್ಲದೆ ಓದಿ.

ನಮ್ಮ ನಿಘಂಟುಗಳಲ್ಲಿ ಚೀಸ್ ಅಂತ ಹುಡುಕಿದ್ರೆ 'ಗಿಣ್ಣು' ಅಂತ ಸಿಗುತ್ತೆ. ಗಿಣ್ಣು ತಿಂದವರಿಗೆ ಇದು ಒಪ್ಪಿಗೆಯಾಗೋ ಮಾತಲ್ಲ! ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ರೆ ತಾನಾಗೇ ಗಟ್ಟಿಯಾಗುತ್ತೆ, ಹುಳಿಯೂ ಬೇಡ ಏನೂ ಬೇಡ. ಚೀಸ್ ಹಾಗಲ್ಲ. ಯೂರೋಪಿನಲ್ಲಿ ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲನ್ನ ಹೆಪ್ಪುಗಟ್ಟಿಸಿ, ನೀರು ಹಿಂಡಿ, ಉಪ್ಪು ಹಾಕಿ ತಿಂಗಳುಗಟ್ಟಲೆ ಮಾಗಿಸ್ತಿದ್ರು. ಗೋವನ್ನ ಪೂಜಿಸೋ ನಾಡಿನಲ್ಲಿ ಅದು ಹೇಗೆ ನಡೆದೀತು? (ಈಗ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗೋ ಚೀಸಿಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸ್ತಾರೆ. ಸಸ್ಯಾಹಾರಿಗಳು ಗಾಬರಿಯಾಗಬೇಡಿ.)

ನಮ್ಮ ದೇಶದ ಊಟದ ಚರಿತ್ರೆ ಬರೆದ ಕೆ.ಟಿ. ಅಚ್ಚಯ್ಯ ಕೊಡವ ಮೂಲದವರು. 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ್ರು, ವೃತ್ತಿಯಲ್ಲಿ ಎಣ್ಣೆಗಳ ರಸಾಯನ ವಿಜ್ಞಾನಿ. ಭಾರತದ ಆಹಾರದ ಬಗ್ಗೆ ಅವರ ದೊಡ್ಡ ಪುಸ್ತಕ 1994ರಲ್ಲಿ ಬಂತು. ಹಾಲನ್ನ ಬೇಕೆಂದೇ ಒಡೆಸೋದು ಹಿಂದೆ ಇಲ್ಲಿ ನಿಷಿದ್ಧವಾಗಿತ್ತು, ಪೋರ್ಚುಗೀಸರು ಬಂಗಾಳಕ್ಕೆ ಬಂದ ಮೇಲೆ ಆ ನಿಷೇಧ ಸಡಿಲವಾಯ್ತು ಅಂತ ಅವರ ವಾದ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಬೆರೆಸಿ ತುಪ್ಪದಲ್ಲಿ ಕರಿಯೋ ಸಿಹಿ ತಿಂಡಿ ಇದೆ. ಅಂದ್ರೆ ಪೋರ್ಚುಗೀಸರು ಬರೋಕೆ ಸುಮಾರು ನಾಲ್ಕು ಶತಮಾನ ಮೊದಲೇ ಇವತ್ತಿನ ಬಸವಕಲ್ಯಾಣದಲ್ಲಿ ಹಾಲು ಒಡೆಸ್ತಿದ್ರು. ಒಡೆಸಿದ್ದು ಸರಿ, ಆದ್ರೆ ಅದನ್ನ ಮಾಗಿಸಿ ಗಟ್ಟಿ ಚೀಸ್ ಮಾಡೋ ಗೋಜಿಗೆ ಹೋಗಲಿಲ್ಲ.

ಕೊಡಗಿಗೆ ಈ ಗಟ್ಟಿ ಚೀಸ್ ಬಂದಿದ್ದು ಕಾಫಿಯ ಬೆನ್ನಿಗೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ವಶ ಮಾಡಿಕೊಂಡರು. ಇಪ್ಪತ್ತು ವರ್ಷದ ಮೇಲೆ, 1854ರಲ್ಲಿ, ಫೌಲರ್ ಅನ್ನೋ ದೊರೆ ಮಡಿಕೇರಿಯಲ್ಲಿ ಯೂರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಅವನ ಹಿಂದೆ ಉಳಿದವರು ಬಂದ್ರು. ತೋಟ ಬಂದ ಮೇಲೆ ಬಂಗ್ಲೆ, ಬಂಗ್ಲೆ ಬಂದ ಮೇಲೆ ಬಟ್ಲರ್, ಕುಕ್ಕು, ಮಸಾಲ್ಚಿ. ಹೊಗೆಯ ವಾಸನೆ ದೊರೆಸಾನಿ ಮೂಗಿಗೆ ಬರಬಾರದು ಅಂತ ಅಡುಗೆಮನೆ ಸಾಮಾನ್ಯವಾಗಿ ಹಿಂದೆ ಬೇರೆಯಾಗೇ ಇರ್ತಿತ್ತು. ಅಲ್ಲಿ ಕಪ್ಪುಮಸಿ ಹಿಡಿದ ಸೌದೆ ಒಲೆ, ಇಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ನಡುವೆ ಮಳೆಯಲ್ಲಿ ತಟ್ಟೆ ಹಿಡಿದು ಓಡೋ ಮನುಷ್ಯ.

ಆ ಮನುಷ್ಯನ ಹೆಸರೇನು? ಮದ್ರಾಸ್ ಸೈನ್ಯದಲ್ಲಿದ್ದ ಕೆನಿ-ಹರ್ಬರ್ಟ್ ಅನ್ನೋ ಅಧಿಕಾರಿ 'ವೈವರ್ನ್' ಅನ್ನೋ ಹೆಸರಲ್ಲಿ 1878ರಲ್ಲಿ ಮದ್ರಾಸಿನ ಇಂಗ್ಲಿಷ್ ಸಂಸಾರಗಳಿಗಾಗಿ ಒಂದು ಅಡುಗೆ ಪುಸ್ತಕ ಬರೆದ. ಮ್ಯಾಕರೋನಿ, ಚೀಸು ಎಲ್ಲಾ ಅದರಲ್ಲಿದೆ. ಅಡುಗೆಯವನಿಗೆ ಹೇಗೆ ತಾಳ್ಮೆಯಿಂದ ಕಲಿಸಬೇಕು ಅಂತ ಪುಟಗಟ್ಟಲೆ ಇದೆ. ಆದ್ರೆ ಇಡೀ ಪುಸ್ತಕದಲ್ಲಿ ಅಡುಗೆಯವರಿಗೆಲ್ಲಾ ಸೇರಿ ಒಂದೇ ಹೆಸರು: ರಾಮಸಾಮಿ. ಒಲೆ ಮುಂದೆ ನಿಂತ ಕರಿಯ ಮನುಷ್ಯರೆಲ್ಲಾ ರಾಮಸಾಮಿಗಳೇ.

ಇಷ್ಟು ದೂರಕ್ಕೆ, ಇಷ್ಟು ತೇವಕ್ಕೆ ಚೀಸ್ ಕೆಡದೆ ಬರೋದು ಸುಲಭವಾಗಿರಲಿಲ್ಲ. ಸೆಕೆಗೆ ಬೆವರಿ ಎಣ್ಣೆ ಬಿಡ್ತಿತ್ತು, ಇಲ್ಲಾ ಬೂಸ್ಟು ಹಿಡೀತಿತ್ತು. 1911ರಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ಮತ್ತು ಸ್ಟೆಟ್ಲರ್ ಇದಕ್ಕೊಂದು ಉಪಾಯ ಕಂಡುಹಿಡಿದ್ರು. ಚೀಸನ್ನ ಸಿಟ್ರೇಟ್ ಲವಣದ ಜೊತೆ ಕಾಯಿಸಿ ಕಲಕಿದ್ರೆ ಕೊಬ್ಬು, ನೀರು ಎರಡೂ ಬೇರೆಯಾಗದೆ ಒಂದಾಗಿ ಉಳಿಯುತ್ತೆ, ಬೇಗ ಕೆಡೋದೂ ಇಲ್ಲ. ಅಮೆರಿಕದ ಕ್ರಾಫ್ಟ್ ಇಂಥದ್ದೇ ವಿಧಾನಕ್ಕೆ 1916ರಲ್ಲಿ ಪೇಟೆಂಟ್ ಪಡೆದ. ಆಮೇಲೆ ತಗಡಿನ ಡಬ್ಬಿಯಲ್ಲಿ ಚೀಸ್ ಊರೂರು ಸುತ್ತಿತು. ಇವತ್ತು ನಾವು ತಿನ್ನೋ ಕ್ಯೂಬು, ಸ್ಲೈಸು ಎಲ್ಲಾ ಆ ಉಪಾಯದ ಮಕ್ಕಳು. ಓವನ್‌ನಲ್ಲಿ ಅದು ನುಣ್ಣಗೆ ಕರಗೋದೂ ಆ ಲವಣದಿಂದಲೇ.

ಅಂಥದ್ದೊಂದು ಡಬ್ಬಿ ನಮ್ಮನೆಯಲ್ಲಿದೆ. ದುಂಡನೆಯ ತಗಡು, ಬಣ್ಣ ಹೋಗಿ ಬರೀ ತುಕ್ಕು. ಅಮ್ಮ ಅದರಲ್ಲಿ ಗುಂಡಿ, ಸೂಜಿ ಇಡ್ತಾರೆ. ಅದನ್ನ ತಂದಿದ್ದು ಅಮ್ಮನ ಅಪ್ಪ, ನನ್ನ ಅಜ್ಜ. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬಂದು ಒಂದು ಕಾಫಿ ತೋಟದ ಬಂಗ್ಲೆಯಲ್ಲಿ ಅಡುಗೆಗೆ ಸೇರಿದವರು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ತೋಟಗಳಲ್ಲಿ ಬಿಳಿ ದೊರೆಗಳು ವರ್ಷಗಟ್ಟಲೆ ಇದ್ರು. ಅಮ್ಮ ಹುಟ್ಟಿ ಬೆಳೆದದ್ದು ಅಲ್ಲಿನ ಲೈನ್ ಮನೆಯಲ್ಲಿ.

ಇನ್ನೊಂದು ವಿಷಯ. ನಮ್ಮ ರಾಜ್ಯದ ಮೊದಲ ಡೇರಿ ಶುರುವಾಗಿದ್ದು ಎಲ್ಲಿ ಗೊತ್ತಾ? ಬೆಂಗಳೂರಲ್ಲ, ಮೈಸೂರಲ್ಲ. ಕುಶಾಲನಗರದ ಹತ್ತಿರದ ಕೂಡಿಗೆಯಲ್ಲಿ, 1955ರಲ್ಲಿ. ಆಗ ಕೊಡಗು ಮೈಸೂರಿಗೆ ಸೇರಿರಲೂ ಇಲ್ಲ, ಅದೇ ಒಂದು ಪುಟ್ಟ ರಾಜ್ಯ. ಸೇರಿದ್ದು 1956ರ ನವೆಂಬರ್ 1ಕ್ಕೆ. ಅತ್ತ ಗುಜರಾತಿನ ಆಣಂದದಲ್ಲಿ ಅಮುಲ್‌ನವರು 1960ರಲ್ಲಿ ವರ್ಷಕ್ಕೆ 600 ಟನ್ ಚೀಸ್ ಮಾಡೋ ಘಟಕ ಕಟ್ಟಿದ್ರು, ಅದೂ ಎಮ್ಮೆ ಹಾಲಿಂದ. ಜೊತೆಗೇ ಶುರುವಾದ ಮಕ್ಕಳ ಹಾಲಿನ ಪುಡಿಗೆ ಸೂತ್ರ ತಯಾರಾಗಿದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ನೆರವಿನಿಂದ. ಹೀಗೆ ದೊರೆಯ ಡಬ್ಬಿಯಲ್ಲಿದ್ದ ಚೀಸು ನಮ್ಮೂರ ಅಂಗಡಿಯ ಫ್ರಿಜ್ಜಿಗೆ ಬಂತು. ಈಗ ನಂದಿನಿ ಹೆಸರಲ್ಲೂ ಸಿಗುತ್ತೆ. ನಮ್ಮನೆಗೂ ಬಂತು, ಅಮ್ಮನ ತಟ್ಟೆಗೆ ಮಾತ್ರ ಬರಲಿಲ್ಲ.

ಈಗ ಭಾನುವಾರಕ್ಕೆ ಬರೋಣ. ಕಾಲು ಕೇಜಿ ಮ್ಯಾಕರೋನಿ ಬೇಯಿಸಿ ಬಸಿದಿಟ್ಟೆ. ಎರಡು ಚಮಚ ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹುರಿದು, ಅರ್ಧ ಲೀಟರ್ ಹಾಲನ್ನ ಸ್ವಲ್ಪ ಸ್ವಲ್ಪವೇ ಸುರಿದು ಗಂಟಾಗದ ಹಾಗೆ ಕಲಕಿದೆ. ಉಪ್ಪು, ನಮ್ಮ ತೋಟದ ಕಾಳುಮೆಣಸು, ತುರಿದ ಚೀಸು. ಎಲ್ಲಾ ಬೆರೆಸಿ ಗಾಜಿನ ಬಟ್ಟಲಿಗೆ ಹಾಕಿ, ಮೇಲೆ ಇನ್ನಷ್ಟು ಚೀಸ್ ಉದುರಿಸಿ 180 ಡಿಗ್ರಿಗೆ ಓವನ್ ಒಳಗಿಟ್ಟೆ. ಇಪ್ಪತ್ತೈದು ನಿಮಿಷ. ಮಗಳು ಈರುಳ್ಳಿ ಬೆಳ್ಳುಳ್ಳಿನೂ ಹಾಕು ಅಂದಿದ್ಳು, ಬೇಡ ಅಂದೆ. ಕೆಳಗೆ ಬಿದ್ದದ್ದನ್ನ ಕಾಳಿ ಬಿಡಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತೆ. ನಾಯಿ ಸಾಕಿದವರು ದಯವಿಟ್ಟು ನೆನಪಿಡಿ.

ಹತ್ತು ನಿಮಿಷ ಆಗಿತ್ತೋ ಇಲ್ವೋ... ಕರೆಂಟ್ ಹೋಯ್ತು! ಮಳೆಗಾಲದಲ್ಲಿ ಹೋದ ಕರೆಂಟು ಯಾವಾಗ ಬರುತ್ತೆ ಅಂತ ನಮ್ಮೂರಲ್ಲಿ ಯಾರೂ ಕೇಳಲ್ಲ :( ಮಗಳ ಮುಖ ಸಪ್ಪೆ. ನಾನು ಗ್ಯಾಸ್ ಮೇಲೆ ಬಾಣಲೆ ಇಟ್ಟು ಏನೋ ಮಾಡೋಕೆ ಹೊರಟೆ.

"ಹಾಗೆ ಮಾಡಿದ್ರೆ ಅಡಿ ಕರಟುತ್ತೆ, ಮೇಲೆ ಹಸಿ ಉಳಿಯುತ್ತೆ" ಅಂತ ಹಿಂದಿನಿಂದ ಅಮ್ಮನ ದನಿ. "ಆ ದಪ್ಪ ಪಾತ್ರೆ ತಾ. ಮರಳು ಹಾಕು. ಆ ಗಾಜಿನದ್ದು ಬೇಡ, ಸ್ಟೀಲಿನದ್ದಕ್ಕೆ ಬದಲಾಯಿಸು."

ನಮ್ಮಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಆರಿಸೋದೇ ಇಲ್ಲ. ಅಮ್ಮ ಅಲ್ಲಿಂದ ಕಾಫಿ ಕಟ್ಟಿಗೆಯ ಕೆಂಡ ತೋಡಿ ತಂದ್ರು. ಸೌದೆ ಒಲೆ ಮೇಲೆ ದಪ್ಪ ಪಾತ್ರೆ, ಅದರಲ್ಲಿ ಎರಡು ಬೆರಳು ಮರಳು, ಮರಳ ಮೇಲೆ ಸಿಂಬಿ ಹಾಗೆ ಒಂದು ಸ್ಟ್ಯಾಂಡು, ಅದರ ಮೇಲೆ ಬಟ್ಟಲು. ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. "ಕೆಳಗೆ ಕಮ್ಮಿ, ಮೇಲೆ ಜಾಸ್ತಿ" ಅಂತ ಅಮ್ಮ ಕೆಂಡ ಹರಡಿದ್ರು. ಚೀಸನ್ನೇ ಮುಟ್ಟದ ಅಮ್ಮ!

"ಇದೆಲ್ಲಾ ನಿಂಗೆ ಹೇಗೆ ಗೊತ್ತು?" ಅಂದೆ.

"ಅಪ್ಪನಿಗೆ ಕೆಂಡ ಹೊತ್ತು ಕೊಡ್ತಿದ್ದದ್ದು ನಾನೇ ಅಲ್ವಾ" ಅಂದ್ರು. ಒಲೆ ನೋಡ್ತಾನೇ ಮುಂದಿಂದು ಹೇಳಿದ್ರು. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ದೊರೆಗೆ ಭಾನುವಾರ ಇದೇ ಆಗಬೇಕು. ಅಜ್ಜ ಮಾಡೋರು, ಅಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಆ ಪರಿಮಳ ಕುಡಿಯೋರು. ಊಟವಾದ ಮೇಲೆ ಬಟ್ಟಲಿನ ಅಂಚಲ್ಲಿ ಕೆಂಪಗೆ ಗರಿಗರಿಯಾಗಿ ಅಂಟಿದ್ದು ಉಳೀತಿತ್ತು. ದೊರೆ ನಾಯಿಗಳನ್ನ ಕರೀತಿದ್ದ. ಅಜ್ಜ ಬಟ್ಟಲನ್ನ ಕೆಳಗಿಟ್ಟು, ಅವು ನೆಕ್ಕಿ ಮುಗಿಸೋ ತನಕ ಪಕ್ಕದಲ್ಲೇ ನಿಂತಿರಬೇಕು, ಆಮೇಲೆ ತೊಳೆಯೋಕೆ ಒಯ್ಯಬೇಕು. ಒಂದು ದಿನ ಅಮ್ಮ ತಡೆಯಲಾರದೆ ಕೇಳಿಯೇ ಬಿಟ್ರಂತೆ, "ಅಪ್ಪ, ನಂಗೆ?" ಅಂತ.

"ಅದು ನಮ್ಮದಲ್ಲ ಮಗಾ, ನಾಯಿಗೆ ಹಾಕುವಂಥದ್ದು" ಅಂದ್ರಂತೆ ಅಜ್ಜ. ಆ ರಾತ್ರಿ ಖಾಲಿಯಾದ ಚೀಸ್ ಡಬ್ಬಿಯೊಂದನ್ನ ತೊಳೆದು ತಂದುಕೊಟ್ರು. ಆಡೋಕೆ.

ನಾವಿಬ್ರೂ ಮಾತಾಡಲಿಲ್ಲ. ಮುಚ್ಚಳದ ಮೇಲೆ ಕೆಂಡ ಚಟಪಟ ಅಂತಿತ್ತು. ಅಜ್ಜನನ್ನ ಆ ಬಂಗ್ಲೆಯಲ್ಲಿ ಯಾರಾದ್ರೂ ಹೆಸರು ಹಿಡಿದು ಕರೆದದ್ದು ಅಮ್ಮನಿಗೆ ನೆನಪಿಲ್ಲವಂತೆ. ಬರೀ 'ಬಟ್ಲರ್'. ನಾಯಿಗಳ ಹೆಸರು ಮಾತ್ರ ಇವತ್ತಿಗೂ ನೆನಪಿದೆ, ಎರಡನ್ನೂ ಹೇಳಿದ್ರು.

ನಾಯಿಗಳ ಮೇಲೆ ನನಗೇನೂ ಕೋಪ ಇಲ್ಲ. ನಮ್ಮ ಕಾಳಿಗೆ ಆ ಹೆಸರು ಬಂದದ್ದೇ ಒಂದು ಶಾಸನದಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲು, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನ ಕೊಂದ. ಆ ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿದ್ರು. ನಾಯಿಯೂ ಹಂದಿಯೂ ಹೊಡೆದಾಡೋ ಚಿತ್ರ ಅದರ ಮೇಲಿದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರನ್ನ ನಾವು ಓದಬಹುದು. ನಮ್ಮವರು ಪ್ರೀತಿಯಿಂದ ಕಲ್ಲಲ್ಲಿ ಕೊರೆದಿಟ್ರು, ಸಂತೋಷವೇ. ಆದ್ರೆ ಬಂಗ್ಲೆಗಳಲ್ಲಿ ಬೆಂದ ಕೈಗಳ ಹೆಸರು? ತೋಟಗಳ ಚರಿತ್ರೆಯಲ್ಲಿ ಫೌಲರ್ ಸಿಗ್ತಾನೆ, ಅವನಿಗೆ ಅನ್ನ ಮಾಡಿ ಹಾಕಿದವನು ಸಿಗಲ್ಲ.

ಇಪ್ಪತ್ತು ನಿಮಿಷಕ್ಕೆ ಅಮ್ಮ ಮುಚ್ಚಳ ತೆಗೆದ್ರು. ನನ್ನ ಓವನ್ ಯಾವತ್ತೂ ಕೊಡದ ಬಣ್ಣ! ಮೇಲೆ ಹೊನ್ನಿನ ಹಾಗೆ, ಅಂಚಲ್ಲಿ ಕೆಂಪಗೆ ಗರಿಗರಿ. ಮಗಳು ಮೂರು ತಟ್ಟೆ ಇಟ್ಟಳು. ಅಜ್ಜಿಗೂ ಒಂದು. ಅಮ್ಮ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ನಾನು ಅಂಚಿಂದ ಆ ಕೆಂಪಗಿನ ಚೂರನ್ನೇ ಕೆರೆದು ಹಾಕಿದೆ. ಸ್ವಲ್ಪ ಹೊತ್ತು ನೋಡ್ತಾ ಕೂತ್ರು. ಆಮೇಲೆ ತಿಂದ್ರು.

"ಎಂತ, ಹೇಗಿದೆ ಅಜ್ಜಿ?" ಅಂದ್ಳು ಮಗಳು.

"ಉಪ್ಪು ಕಮ್ಮಿ ಆಯ್ತು. ಅಪ್ಪ ಆಗಿದ್ರೆ ಸರಿ ಹಾಕ್ತಿದ್ರು" ಅಂದ್ರು ಅಮ್ಮ. ಇನ್ನೊಂದು ಚಮಚ ಹಾಕಿಸಿಕೊಂಡ್ರು.

ಕಾಳಿಗೆ ಉಪ್ಪಿಲ್ಲದ ಮ್ಯಾಕರೋನಿ, ಮೇಲೆ ಚೂರೇ ಚೂರು ಚೀಸು, ಅವಳ ತಟ್ಟೆಯಲ್ಲೇ ಕೊಟ್ಟೆವು. ಬೆಕ್ಕಿಗೆ ಎಂದಿನ ಮೀನು. ಬಟ್ಟಲಿನ ತಳ ಕೆರೆದದ್ದು ಯಾರು ಅಂತ ಹೇಳಬೇಕಾಗಿಲ್ಲ ತಾನೆ? ಅಮ್ಮ :)

ನಿಮ್ಮ ಮನೆಗಳಲ್ಲೂ ಬಂಗ್ಲೆಯಲ್ಲೋ ಕ್ಲಬ್ಬಿನಲ್ಲೋ ಅಡುಗೆ ಮಾಡಿದ ಹಿರಿಯರಿದ್ರೆ ಈಗಲೇ ಕೂತು ಕೇಳಿ. ಏನು ಮಾಡ್ತಿದ್ರು, ಹೇಗೆ ಮಾಡ್ತಿದ್ರು, ಅದರಲ್ಲಿ ಅವರು ತಿಂದದ್ದೆಷ್ಟು ಅಂತ. ಬರೆದಿಡಿ. ಕರೆಂಟ್ ಹೋಗದೇ ಇದ್ದಿದ್ರೆ ನಾನೂ ಕೇಳ್ತಿರಲಿಲ್ಲ.