ಯುವಜನರನ್ನು ಕಾಡುವ ಸೊಂಟನೋವು: ಕಾರಣಗಳೇನು?

ಸೊಂಟನೋವು ಎಂದೊಡನೆ ಕೋಲೂರಿ ನಡೆಯುವ ಹಿರಿಯರ ಚಿತ್ರ ಕಣ್ಣಮುಂದೆ ಬರುತ್ತಿದ್ದ ಕಾಲವೊಂದಿತ್ತು. ಇಂದು ಮೂಳೆತಜ್ಞರ ಬಾಗಿಲಲ್ಲಿ ಸರದಿಗಾಗಿ ಕಾಯುವವರಲ್ಲಿ ಇಪ್ಪತ್ತರಿಂದ ಮೂವತ್ತೈದರ ವಯಸ್ಸಿನವರೂ ಇದ್ದಾರೆ. ಇವರು ಮೂಟೆ ಹೊತ್ತವರಲ್ಲ, ಬಿದ್ದು ಪೆಟ್ಟು ಮಾಡಿಕೊಂಡವರೂ ಅಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ದುಡಿಯುವವರು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರು. ‘ಭಾರವನ್ನೇ ಎತ್ತದ ನನಗೇಕೆ ಈ ನೋವು?’ ಎಂಬುದು ಇವರ ಸಹಜ ಪ್ರಶ್ನೆ. ಉತ್ತರವೂ ಬಹುಮಟ್ಟಿಗೆ ಆ ಪ್ರಶ್ನೆಯಲ್ಲೇ ಅಡಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರುವ ಅಂದಾಜಿದೆ. ದೈನಂದಿನ ಬದುಕಿಗೆ ಅಡ್ಡಿಯಾಗುವ ಕಾಯಿಲೆಗಳ ಪೈಕಿ ಜಾಗತಿಕವಾಗಿ ಇದಕ್ಕೇ ಅಗ್ರಸ್ಥಾನ. ಇನ್ನೊಂದೆಡೆ, 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ನಡೆಸುತ್ತಿಲ್ಲ.

ಸೊಂಟದ ರಚನೆ

ಸೊಂಟದ ಭಾಗದಲ್ಲಿ ಐದು ಕಶೇರುಕಗಳಿದ್ದು, ದೇಹದ ಮೇಲ್ಭಾಗದ ತೂಕವನ್ನೆಲ್ಲ ಅವು ಹೊರುತ್ತವೆ. ಎರಡು ಕಶೇರುಕಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಇರುತ್ತದೆ. ಇದರ ಒಳಗೆ ಲೋಳೆಯಂತಹ ತಿರುಳು, ಸುತ್ತಲೂ ಗಟ್ಟಿಯಾದ ನಾರಿನ ಬಳೆ. ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಬಿಗಿಹಿಡಿಯುವಂತೆ ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳು ಈ ಮೂಳೆಗಳ ಸಾಲನ್ನು ಹಿಡಿದು ನಿಲ್ಲಿಸುತ್ತವೆ. ಹಗ್ಗ ಸಡಿಲವಾದರೆ ಕಂಬದ ಮೇಲೆ ಭಾರ ಬೀಳುವುದು ಸಹಜ.

ಮುಖ್ಯ ಕಾರಣಗಳು

ಸ್ನಾಯುಗಳ ದುರ್ಬಲತೆ: ಬಳಸದ ಸ್ನಾಯು ಕ್ರಮೇಣ ಶಕ್ತಿಯನ್ನೂ, ದೀರ್ಘಕಾಲ ದಣಿಯದೆ ದುಡಿಯುವ ತಾಳಿಕೆಯನ್ನೂ ಕಳೆದುಕೊಳ್ಳುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಸ್ನಾಯುಗಳಿಗೂ ಒಪ್ಪುತ್ತದೆ. ಶಾಲಾದಿನಗಳ ಆಟೋಟಗಳಿಂದ ಗಳಿಸಿದ ಬಲ ಉದ್ಯೋಗದ ಕೆಲವೇ ವರ್ಷಗಳಲ್ಲಿ ಕರಗಬಹುದು.

ಒಂದೇ ಭಂಗಿ: ಬೆನ್ನನ್ನು ಬಾಗಿಸಿ ಗಂಟೆಗಟ್ಟಲೆ ಕುಳಿತಾಗ ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜುಗಳು ನಿಧಾನವಾಗಿ ಹಿಗ್ಗುತ್ತವೆ, ಸ್ನಾಯುಗಳು ದಣಿಯುತ್ತವೆ. ನಿಂತಾಗಿಗಿಂತ ಕುಳಿತಾಗ ಡಿಸ್ಕ್‌ನೊಳಗಿನ ಒತ್ತಡ ಹೆಚ್ಚೆಂದು ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಖೆಮ್‌ಸನ್ 1960ರ ದಶಕದಲ್ಲಿ ತೋರಿಸಿದ್ದರು. 1999ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಂಡುಬರಲಿಲ್ಲ. ಆದ್ದರಿಂದ ಕುರ್ಚಿಯೊಂದನ್ನೇ ದೂರುವುದು ಸರಿಯಲ್ಲ. ಭಂಗಿ ಬದಲಿಸದೆ ಕುಳಿತಿರುವುದೇ ಹೆಚ್ಚಿನ ತೊಂದರೆ.

ಡಿಸ್ಕ್‌ನ ಪೋಷಣೆ: ವಯಸ್ಕರ ಡಿಸ್ಕ್‌ನ ತಿರುಳಿಗೆ ತನ್ನದೇ ರಕ್ತನಾಳಗಳಿಲ್ಲ. ಪಕ್ಕದ ಕಶೇರುಕಗಳಿಂದ ಒಸರಿ ಬರುವ ಪೋಷಕಾಂಶಗಳನ್ನೇ ಅದು ನಂಬಿಕೊಂಡಿದೆ. ನಡೆದಾಡುವಾಗ ಒತ್ತಡ ಏರಿ ಇಳಿದಂತೆ ದ್ರವಾಂಶ ಒಳಹೊರಗೆ ಹರಿಯುತ್ತದೆ. ಚಲನೆಯಿಲ್ಲದ ಜೀವನದಲ್ಲಿ ಈ ವಿನಿಮಯಕ್ಕೆ ಅವಕಾಶ ಕಡಿಮೆ.

ಹಠಾತ್ ಶ್ರಮ: ವಾರವಿಡೀ ಕುಳಿತವರು ಭಾನುವಾರ ಒಮ್ಮೆಲೇ ಕ್ರಿಕೆಟ್ ಆಡುತ್ತಾರೆ, ಇಲ್ಲವೇ 20 ಲೀಟರ್ ನೀರಿನ ಕ್ಯಾನನ್ನು ಬಗ್ಗಿ ಎತ್ತುತ್ತಾರೆ. ಅದರ ತೂಕ 20 ಕಿಲೋ ಮೀರುತ್ತದೆ. ಅಭ್ಯಾಸವಿರುವ ಬೆನ್ನಿಗೆ ಇದು ದೊಡ್ಡ ಭಾರವಲ್ಲ. ಅಭ್ಯಾಸ ತಪ್ಪಿದ ಬೆನ್ನಿಗೆ ಅದೇ ಸ್ನಾಯು ಉಳುಕಲು ಸಾಕು.

ಇತರ ಅಂಶಗಳು: ಅತಿತೂಕ, ಧೂಮಪಾನ, ನಿದ್ರಾಹೀನತೆ, ಕೆಲಸದ ಒತ್ತಡ, ಖಿನ್ನತೆ ಇವೆಲ್ಲವೂ ಸೊಂಟನೋವಿನೊಂದಿಗೆ ತಳಕು ಹಾಕಿಕೊಂಡಿವೆ. ಮನಸ್ಸು ಬಳಲಿದಾಗ ನೋವಿನ ತೀವ್ರತೆಯೂ ಹೆಚ್ಚುತ್ತದೆ.

ಸ್ಕ್ಯಾನಿಂಗ್ ವರದಿಯ ಭಯ

ನೋವು ಬಂದೊಡನೆ ಎಂ.ಆರ್.ಐ. ಮಾಡಿಸಿ, ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂಬ ಸಾಲನ್ನು ಓದಿ ಕಂಗೆಡುವವರು ಬಹಳ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಕುರಿತು 2015ರಲ್ಲಿ ಪ್ರಕಟವಾದ ವಿಮರ್ಶಾತ್ಮಕ ಅಧ್ಯಯನ ಇಲ್ಲಿ ಗಮನಾರ್ಹ. ಅದರಂತೆ 20ರ ವಯಸ್ಸಿನವರಲ್ಲೂ ಶೇ. 37ರಷ್ಟು ಮಂದಿಯಲ್ಲಿ ಡಿಸ್ಕ್ ಸವೆತ, ಶೇ. 30ರಷ್ಟು ಮಂದಿಯಲ್ಲಿ ಡಿಸ್ಕ್ ಉಬ್ಬು ಕಂಡುಬಂದಿತ್ತು. ಅಂದರೆ ಚಿತ್ರದಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣವಲ್ಲ. ಸೊಂಟನೋವಿನ ಸುಮಾರು ಶೇ. 90ರಷ್ಟು ಪ್ರಕರಣಗಳಲ್ಲಿ ನಿರ್ದಿಷ್ಟ ಕಾಯಿಲೆಯಾಗಲೀ ಗಾಯವಾಗಲೀ ಪತ್ತೆಯಾಗುವುದಿಲ್ಲ.

ಆದರೆ ಭಯ ಹೊಕ್ಕ ಮೇಲೆ ಮನುಷ್ಯ ಬಗ್ಗಲು, ನಡೆಯಲು ಹೆದರುತ್ತಾನೆ. ಹಾಸಿಗೆ ಹಿಡಿಯುತ್ತಾನೆ. ಸ್ನಾಯು ಇನ್ನಷ್ಟು ಸೊರಗುತ್ತದೆ, ನೋವು ಮರುಕಳಿಸುತ್ತದೆ. ಏಳು ದಿನಗಳ ಹಾಸಿಗೆ ವಿಶ್ರಾಂತಿಯಿಂದ ಎರಡು ದಿನಗಳ ವಿಶ್ರಾಂತಿಗಿಂತ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು 1986ರಷ್ಟು ಹಿಂದೆಯೇ ಅಮೆರಿಕದ ಅಧ್ಯಯನವೊಂದರಿಂದ ತಿಳಿದುಬಂದಿತ್ತು. ಅತಿಯಾದ ವಿಶ್ರಾಂತಿಯಿಂದ ಹಾನಿಯೇ ಹೆಚ್ಚೆಂಬುದು ಇಂದು ವೈದ್ಯಲೋಕ ಒಪ್ಪಿರುವ ಮಾತು.

ನಿರ್ಲಕ್ಷಿಸಬಾರದ ಲಕ್ಷಣಗಳು

ಹಾಗೆಂದು ಎಲ್ಲ ಸೊಂಟನೋವನ್ನೂ ‘ಕುಳಿತು ಬಂದದ್ದು’ ಎಂದು ತಳ್ಳಿಹಾಕುವುದೂ ಅಪಾಯಕರ. ನಲವತ್ತೈದರೊಳಗೆ ಆರಂಭವಾಗಿ ಮೂರು ತಿಂಗಳಿಗೂ ಮೀರಿ ಉಳಿಯುವ ನೋವು, ಮುಂಜಾನೆ ಅರ್ಧ ಗಂಟೆಗೂ ಹೆಚ್ಚು ಕಾಲ ಕಾಡುವ ಬಿಗಿತ, ರಾತ್ರಿ ನೋವಿನಿಂದ ಎಚ್ಚರವಾಗುವುದು, ವಿಶ್ರಾಂತಿಯಿಂದ ಹೆಚ್ಚಿ ನಡೆದಾಡಿದರೆ ತಗ್ಗುವುದು: ಇವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆಯ ಸೂಚನೆಗಳಾಗಿರಬಹುದು. ಇದು ಹೆಚ್ಚಾಗಿ ಯೌವನದಲ್ಲೇ ಆರಂಭವಾಗುತ್ತದೆ. ಸಾಮಾನ್ಯ ಸೊಂಟನೋವೆಂದು ಭಾವಿಸಿ ರೋಗನಿರ್ಣಯ ಹಲವು ವರ್ಷ ತಡವಾಗುವುದುಂಟು. ಅಷ್ಟರಲ್ಲಿ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಲಾರಂಭಿಸಬಹುದು.

ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯ ಸೇರಿದಂತೆ ಗಂಭೀರ ಕಾಯಿಲೆಗಳ ತಪಾಸಣೆ ಅಗತ್ಯ. ನೋವು ಕಾಲಿನುದ್ದಕ್ಕೂ ಇಳಿದು ಪಾದ ಮರಗಟ್ಟಿದರೆ ಡಿಸ್ಕ್ ಜಾರಿ ನರವನ್ನು ಒತ್ತುತ್ತಿರಬಹುದು. ಮಲಮೂತ್ರದ ಮೇಲೆ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಗಳ ನಡುವಿನ ಭಾಗ ಜೋಮುಗಟ್ಟಿದರೆ ಅದು ತುರ್ತುಸ್ಥಿತಿ. ಅಂದೇ, ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು.

ಪರಿಹಾರ

ಮೇಲಿನ ಲಕ್ಷಣಗಳಿಲ್ಲದವರಿಗೆ ಚಟುವಟಿಕೆಯೇ ಮೊದಲ ಮದ್ದು. ದೀರ್ಘಕಾಲದ ಸೊಂಟನೋವಿನ ಚಿಕಿತ್ಸೆ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ ಮತ್ತು ರೋಗಿಯ ತಿಳಿವಳಿಕೆಗೆ ಒತ್ತು ನೀಡಲಾಗಿದೆ. ಹಲವರು ನೆಚ್ಚಿಕೊಂಡಿರುವ ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್‌ಗಳನ್ನು ಅದು ಶಿಫಾರಸು ಮಾಡಿಲ್ಲ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ ನಡೆಸಬೇಕು, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂಬುದು ಅದೇ ಸಂಸ್ಥೆಯ 2020ರ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ಮೊದಲ ಲೆಕ್ಕ ಪೂರೈಸುತ್ತದೆ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ದೂರವಾಣಿಯಲ್ಲಿ ಮಾತನಾಡುವಾಗ ನಿಲ್ಲುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು ಯಾರಿಗೂ ಹೊರೆಯಾಗದು. ಈಗಾಗಲೇ ನೋವಿರುವವರು ವೈದ್ಯರ ಅಥವಾ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಅಲ್ಪಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುವುದು ಒಳಿತು.

ಯೌವನದ ಸೊಂಟನೋವು ಬಹುತೇಕ ಸಂದರ್ಭಗಳಲ್ಲಿ ಬೆನ್ನು ಮುರಿದಿದೆ ಎಂಬ ಸುದ್ದಿಯಲ್ಲ, ಬೆನ್ನಿಗೆ ಕೆಲಸ ಕೊಡಿ ಎಂಬ ಬೇಡಿಕೆ. ಅದನ್ನು ಸಕಾಲದಲ್ಲಿ ಈಡೇರಿಸಿದರೆ ಮುಂದಿನ ದಶಕಗಳ ಭಾರವನ್ನು ಅದೇ ಬೆನ್ನು ಹೊರಬಲ್ಲದು.