ಟಗರಿನ ಹೆಸರಿನ ದಳ: ಮರುಭೂಮಿಯಲ್ಲಿ ಇಟಲಿಯ ಟ್ಯಾಂಕುಗಳು

ಎರಡನೇ ಮಹಾಯುದ್ಧದ ಉತ್ತರ ಆಫ್ರಿಕಾ ಕಾಳಗ ಎಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ಎರಡೇ. ಜರ್ಮನಿಯ ರೋಮೆಲ್, ಇಂಗ್ಲೆಂಡಿನ ಮಾಂಟ್ಗೊಮರಿ. ಇಟಲಿಯವರ ಮಾತು ಬಂತೆಂದರೆ ಒಂದು ನಗೆಚಾಟಿಕೆ ಸಿದ್ಧವಾಗಿರುತ್ತದೆ... ಅವರ ಟ್ಯಾಂಕಿಗೆ ಹಿಂದಕ್ಕೆ ಹೋಗುವ ಗೇರುಗಳೇ ಜಾಸ್ತಿಯಂತೆ! ನಗುವುದು ಸುಲಭ. ಆದರೆ 1941ರ ಫೆಬ್ರವರಿಯಲ್ಲಿ ಪುಡಿಪುಡಿಯಾದ ಅದೇ ಮಾದರಿಯ ಟ್ಯಾಂಕು, ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷರ ಒಂದು ಟ್ಯಾಂಕ್ ಬ್ರಿಗೇಡನ್ನೇ ತಡೆದು ನಿಲ್ಲಿಸಿತು. ಒಂಬತ್ತು ತಿಂಗಳಲ್ಲಿ ಟ್ಯಾಂಕು ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದೇನು?

ಮೊದಲು ಹೆಸರಿನ ಲೆಕ್ಕ ತಿಳಿದುಕೊಳ್ಳೋಣ. ಇಟಲಿಯವರು ಹಗುರ ಟ್ಯಾಂಕಿಗೆ ಎಲ್, ಮಧ್ಯಮಕ್ಕೆ ಎಂ ಎಂಬ ಅಕ್ಷರ ಇಟ್ಟಿದ್ದರು. ಎಂ 13/40 ಎಂದರೆ ಮಧ್ಯಮ ಟ್ಯಾಂಕು, 13 ಟನ್ನಿನ ವರ್ಗ, 1940ರ ಮಾದರಿ. 1940ರ ಜೂನ್ 10ರಂದು ಮುಸೊಲಿನಿ ಯುದ್ಧ ಘೋಷಿಸಿದಾಗ ಲಿಬಿಯಾದಲ್ಲಿ ಇದು ಒಂದೂ ಇರಲಿಲ್ಲ. ಇದ್ದದ್ದು ಎಲ್ 3. ಮೂರು ಟನ್ ತೂಕ, ಒಳಗೆ ಇಬ್ಬರು, ಎರಡು ಮೆಷಿನ್ ಗನ್, ತಿರುಗುವ ಗೋಪುರವೇ ಇಲ್ಲ. ಆಮೇಲೆ ಬಂದ ಎಂ 11ರಲ್ಲಿ 37 ಮಿ.ಮೀ. ಫಿರಂಗಿಯನ್ನು ಗೋಪುರದಲ್ಲಿಡದೆ ಮೈಯಲ್ಲೇ ಕೂರಿಸಿದ್ದರು. ಎಂ 13 ಬಂದ ಮೇಲೆಯೇ ಗೋಪುರದಲ್ಲಿ 47 ಮಿ.ಮೀ. ಫಿರಂಗಿ ಕಂಡದ್ದು.

ದಳದ ರಚನೆ ಸರಳ. ಐದು ಟ್ಯಾಂಕು ಸೇರಿ ಒಂದು ಪ್ಲಟೂನು. ಮೂರು ಪ್ಲಟೂನು, ಜೊತೆಗೆ ನಾಯಕನ ಟ್ಯಾಂಕು, ಒಟ್ಟು 16 ಆದರೆ ಒಂದು ಕಂಪನಿ. ಮೂರು ಕಂಪನಿಗೆ ಒಂದು ಬೆಟಾಲಿಯನ್ನು, ಮೂರು ಬೆಟಾಲಿಯನ್ನಿಗೆ ಒಂದು ರೆಜಿಮೆಂಟು. ಇದು ಕಾಗದದ ಲೆಕ್ಕ. ಲಿಬಿಯಾಕ್ಕೆ ಮೊದಲು ಬಂದ ಎಂ 13 ಬೆಟಾಲಿಯನ್ನಿನಲ್ಲಿ ಎರಡೇ ಕಂಪನಿ, 37 ಟ್ಯಾಂಕು. ಗೋಪುರದ ಮೇಲೆ ಬಣ್ಣದ ಚೌಕ ಬಳಿಯುತ್ತಿದ್ದರು. ಒಂದನೇ ಕಂಪನಿಗೆ ಕೆಂಪು, ಎರಡನೆಯದಕ್ಕೆ ನೀಲಿ, ಮೂರನೆಯದಕ್ಕೆ ಹಳದಿ. ನಮ್ಮ ಶಾಲೆಯ ಕ್ರೀಡಾಕೂಟದ ಹೌಸುಗಳಂತೆ! ಅದರೊಳಗಿನ ಬಿಳಿ ಗೆರೆಗಳನ್ನು ಎಣಿಸಿದರೆ ಎಷ್ಟನೇ ಪ್ಲಟೂನು ಎಂದು ಗೊತ್ತಾಗುತ್ತಿತ್ತು. ಇದು ಬರೀ ಅಲಂಕಾರವಲ್ಲ. ಆರಂಭದಲ್ಲಿ ಹೆಚ್ಚಿನ ಟ್ಯಾಂಕುಗಳಲ್ಲಿ ರೇಡಿಯೋ ಇರಲಿಲ್ಲ. ನಾಯಕ ಬಾವುಟ ಬೀಸಬೇಕು, ಹಿಂದಿನವರು ನೋಡಬೇಕು. ಧೂಳೆದ್ದ ಮೇಲೆ ಬಾವುಟ ಯಾರಿಗೆ ಕಾಣುತ್ತದೆ?

1940ರ ಆಗಸ್ಟಿನಲ್ಲಿ ಲಿಬಿಯಾದ ಟ್ಯಾಂಕುಗಳನ್ನೆಲ್ಲ ಜನರಲ್ ವಲೆಂತೀನೋ ಬಬೀನಿಯವರ ಕೈಕೆಳಗೆ ತಂದರು. ವಿಚಾರ ಒಳ್ಳೆಯದೇ. ಆದರೆ ಕೂಡಿಸಿದ್ದನ್ನು ಮತ್ತೆ ಹಂಚಿ, ಕಾಲಾಳು ಪಡೆಗಳಿಗೆ ಇಷ್ಟಿಷ್ಟು ಕೊಟ್ಟುಬಿಟ್ಟರು. ಡಿಸೆಂಬರ್ 9ರ ಬೆಳಿಗ್ಗೆ ನಿಬೇವಾ ಶಿಬಿರದ ಮೇಲೆ ಬ್ರಿಟಿಷರ ಮಟಿಲ್ಡಾ ಟ್ಯಾಂಕುಗಳು ನುಗ್ಗಿದವು. ಬೆನ್ನಿಗೇ ಬಂದದ್ದು ನಮ್ಮ 4ನೇ ಭಾರತೀಯ ಡಿವಿಜನ್ನಿನ ಕಾಲಾಳುಗಳು. ಶಿಬಿರದ ಹೊರಗೆ ನಿಂತಿದ್ದ ಎಂ 11ಗಳಿಗೆ ಸಿಬ್ಬಂದಿ ಹತ್ತುವ ಮೊದಲೇ ಅವು ನಾಶವಾದವು. ಜನರಲ್ ಮಲೆಟ್ಟಿ ಅಲ್ಲೇ ಮಡಿದರು. ಎರಡು ತಿಂಗಳ ನಂತರ ಬೇದಾ ಫೊಮ್‌ನಲ್ಲಿ, ಹಿಂದೆ ಸರಿಯುತ್ತಿದ್ದ ಇಟಲಿಯ ಹತ್ತನೇ ಸೇನೆಯ ದಾರಿಯನ್ನು ಬ್ರಿಟಿಷರ ಸಣ್ಣ ಪಡೆಯೊಂದು ಅಡ್ಡಗಟ್ಟಿತು. ಬಬೀನಿಯ ಬಳಿ ನೂರಕ್ಕೂ ಹೆಚ್ಚು ಎಂ 13 ಇದ್ದವು. ಒಟ್ಟಿಗೆ ನುಗ್ಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅವು ಬಂದದ್ದು ಹತ್ತು, ಇಪ್ಪತ್ತರ ಗುಂಪಾಗಿ; ಬಂದ ಹಾಗೆ ಸುಟ್ಟುಹೋದವು. ಫೆಬ್ರವರಿ 7ರ ಬೆಳಿಗ್ಗೆ ಕೊನೆಯ ಸುಮಾರು 30 ಟ್ಯಾಂಕುಗಳು ಬ್ರಿಟಿಷ್ ಅಧಿಕಾರಿಗಳ ಊಟದ ಡೇರೆಯವರೆಗೂ ನುಗ್ಗಿ ಅಲ್ಲಿ ನಿಂತವು. ಹೇಡಿಗಳು ಹೀಗೆ ಮಾಡುವುದಿಲ್ಲ, ಅಲ್ಲವೇ?

ಅದೇ ಹೊತ್ತಿಗೆ ತ್ರಿಪೋಲಿಯಲ್ಲಿ ಹಡಗಿನಿಂದ ಇಳಿದಿತ್ತು 132ನೇ ಡಿವಿಜನ್ 'ಅರಿಯೇತೆ'. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಟಗರು. ಹಿಂದಿನ ಕಾಲದಲ್ಲಿ ಕೋಟೆಬಾಗಿಲು ಒಡೆಯಲು ಬಳಸುತ್ತಿದ್ದ ಮರದ ದಿಮ್ಮಿಗೂ ಅದೇ ಹೆಸರು. ಈ ಡಿವಿಜನ್ನಿನಲ್ಲಿ ಟ್ಯಾಂಕು ಒಂಟಿಯಾಗಿರಲಿಲ್ಲ. ಎಂ 13ರ ಮೂರು ಬೆಟಾಲಿಯನ್ನಿನ 132ನೇ ಟ್ಯಾಂಕ್ ರೆಜಿಮೆಂಟು, ಟೋಪಿಯಲ್ಲಿ ಕೋಳಿಗರಿ ಸಿಕ್ಕಿಸುವ ಬೆರ್ಸಲ್ಯೇರಿ ಕಾಲಾಳುಗಳ 8ನೇ ರೆಜಿಮೆಂಟು, ಜೊತೆಗೆ ಸ್ವಂತ ಫಿರಂಗಿ ರೆಜಿಮೆಂಟು... ಎಲ್ಲವೂ ಒಬ್ಬನೇ ಜನರಲನ ಮಾತು ಕೇಳುತ್ತಿದ್ದವು.

1941ರ ನವೆಂಬರ್ 19ರಂದು ಬಿರ್ ಎಲ್ ಗುಬಿಯಲ್ಲಿ ಪರೀಕ್ಷೆಯಾಯಿತು. ಬ್ರಿಟಿಷರ 22ನೇ ಆರ್ಮರ್ಡ್ ಬ್ರಿಗೇಡು ಹೊಸ ಕ್ರುಸೇಡರ್ ಟ್ಯಾಂಕುಗಳೊಂದಿಗೆ ಕುದುರೆಪಡೆಯ ಹಾಗೆ ಓಡಿಬಂತು. ಬೆರ್ಸಲ್ಯೇರಿಗಳು ಗುಂಡಿ ತೋಡಿ ಟ್ಯಾಂಕು ನಿರೋಧಕ ಫಿರಂಗಿಗಳೊಂದಿಗೆ ಕಾದಿದ್ದರು. ಲಾರಿಯ ಮೇಲೆ ಕೂರಿಸಿದ್ದ 102 ಮಿ.ಮೀ. ನೌಕಾ ಫಿರಂಗಿಗಳೂ ಇದ್ದವು. ದಾಳಿ ಅಲ್ಲಿ ತಡೆದು ನಿಂತಾಗ, ಹಿಂದೆ ಮೀಸಲಿಟ್ಟಿದ್ದ ಎಂ 13ಗಳನ್ನು ಜನರಲ್ ಬಲೊಟ್ಟಾ ಮುಂದೆ ಬಿಟ್ಟರು. ಇಟಲಿಗೆ 34 ಟ್ಯಾಂಕು ನಷ್ಟ, ಬ್ರಿಟಿಷರಿಗೆ ಸುಮಾರು 40. ಈಗ ಹಿಂದೆ ಸರಿದವರು ಬ್ರಿಟಿಷರು.

ಪಾಠ ಕಲಿತರು ಎನ್ನಬೇಕು, ಅಷ್ಟರಲ್ಲಿ ಮರೆತರು. 1942ರ ಮೇ 27ರ ಬೆಳಿಗ್ಗೆ ಬಿರ್ ಹಕೀಮಿನ ಹತ್ತಿರ ಅರಿಯೇತೆ 3ನೇ ಭಾರತೀಯ ಮೋಟಾರ್ ಬ್ರಿಗೇಡಿನ ಮೇಲೆ ಎರಗಿತು. ನಮ್ಮವರಿಗೆ ಟ್ಯಾಂಕು ಇರಲಿಲ್ಲ; ಫಿರಂಗಿಗಳಿಂದ ಹಲವು ಟ್ಯಾಂಕುಗಳನ್ನು ಹೊಡೆದುರುಳಿಸಿದರೂ ನೆಲೆ ಉಳಿಯಲಿಲ್ಲ. (ಆ ಬ್ರಿಗೇಡಿನ ಜೊತೆಗಿದ್ದ 70 ವರ್ಷದ ನಿವೃತ್ತ ಅಡ್ಮಿರಲ್ ವಾಲ್ಟರ್ ಕೋವನ್ ರಿವಾಲ್ವರ್ ಹಿಡಿದು ಟ್ಯಾಂಕಿಗೆ ಎದುರಾಗಿ ಸೆರೆಸಿಕ್ಕರಂತೆ!) ಅದೇ ದಿನ ಅದೇ ಡಿವಿಜನ್ನಿನ ಒಂದು ಬೆಟಾಲಿಯನ್ನು ಬೆರ್ಸಲ್ಯೇರಿಗಳಿಲ್ಲದೆ, ಫಿರಂಗಿ ಬೆಂಬಲವಿಲ್ಲದೆ, ಸ್ವತಂತ್ರ ಫ್ರೆಂಚರು ಕಾಯುತ್ತಿದ್ದ ಬಿರ್ ಹಕೀಮಿನ ನೆಲಬಾಂಬುಗಳ ನಡುವೆ ನುಗ್ಗಿತು. ಕೆಲವೇ ಹೊತ್ತಿನಲ್ಲಿ 30ಕ್ಕೂ ಹೆಚ್ಚು ಟ್ಯಾಂಕು ಹೋಯಿತು.

ಎಷ್ಟು ಚೆನ್ನಾಗಿ ಜೋಡಿಸಿದರೂ 47 ಮಿ.ಮೀ. ಫಿರಂಗಿ 47 ಮಿ.ಮೀ. ಫಿರಂಗಿಯೇ. ಅಮೆರಿಕದ ಗ್ರಾಂಟ್, ಆಮೇಲೆ ಶೆರ್ಮನ್ ಬಂದ ಮೇಲೆ ಎಂ 13 ತೀರ ಹಳತಾಯಿತು. ಅದೇ ಚಾಸಿಯ ಮೇಲೆ 75 ಮಿ.ಮೀ. ಫಿರಂಗಿ ಕೂರಿಸಿದ 'ಸೆಮೊವೆಂತೆ' ವಾಹನಗಳು 1942ರಲ್ಲಿ ಬಂದವು. ಚೆನ್ನಾಗಿಯೇ ಹೋರಾಡಿದವು, ಆದರೆ ಇದ್ದದ್ದು ಕೆಲವೇ. ಎಲ್ ಅಲಮೇನಿನಲ್ಲಿ 'ಲಿತ್ತೋರಿಯೋ' ಡಿವಿಜನ್ನು ಮೊದಲು ಕರಗಿತು. ನವೆಂಬರ್ 4ರಂದು ರೋಮೆಲನ ಉಳಿದ ಸೇನೆ ಹಿಂದೆ ಸರಿಯುತ್ತಿದ್ದಾಗ ಅರಿಯೇತೆ ಸುತ್ತುವರಿಯಲ್ಪಟ್ಟು, ಸಂಜೆಯ ಹೊತ್ತಿಗೆ ಟ್ಯಾಂಕು ದಳವಾಗಿ ಇಲ್ಲವಾಯಿತು. ಇಟಲಿಯ ಸೇನೆ ಆ ಹೆಸರನ್ನು ಬಿಟ್ಟಿಲ್ಲ. ಅದರ ಇಂದಿನ ಟ್ಯಾಂಕ್ ಬ್ರಿಗೇಡಿನ ಹೆಸರು ಅರಿಯೇತೆ, ಸಂಖ್ಯೆಯೂ ಅದೇ 132.